ಅಂಟಿಸುವುದೂ ನೀರೇ, ಬಿಡಿಸುವುದೂ ನೀರೇ: ಅಲ್ಯೂಮಿನಿಯಂ ತಗಡಿಗೆ ಸಿಲೇನ್ ಹಚ್ಚುವ ಕ್ರಮ

ಲೋಹಕ್ಕೂ ಅಂಟಿಗೂ ನಡುವೆ ಕೊಂಡಿಯಾಗಲು ಹಚ್ಚುವ ಸಿಲಿಕಾನ್ ರಾಸಾಯನಿಕವೇ ಸಿಲೇನ್. ಹೊಸದಾಗಿ ನಮ್ಮ ಲ್ಯಾಬ್ ಸೇರಿದವರು ಮೊದಲ ವಾರದಲ್ಲೇ ಒಂದು ತಗಡು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. "ಸಿಲೇನ್ ಹಚ್ಚಿದೆ, ಒಣಗಿದೆ. ಟೇಪ್ ಅಂಟಿಸಿ ಕಿತ್ತು ನೋಡಿದೆ, ಏನೂ ಎದ್ದು ಬರಲಿಲ್ಲ. ಸರಿಯಾಗಿದೆ ಅಲ್ವಾ?" ಅಂತ ಕೇಳುತ್ತಾರೆ. ನಾನು ತಗಡನ್ನು ವಾಪಸ್ ಕೊಟ್ಟು, 60 ಡಿಗ್ರಿ ಬಿಸಿಯ ನೀರಿನಲ್ಲಿ ಮೂರು ದಿನ ಇಟ್ಟು ಮತ್ತೆ ತನ್ನಿ ಅನ್ನುತ್ತೇನೆ. ಒಣಗಿರುವಾಗ ಎಲ್ಲರ ತಗಡೂ ಚೆನ್ನಾಗೇ ಇರುತ್ತದೆ. ಕೆಲಸ ಹೇಗೆ ಮಾಡಿದ್ದಾರೆ ಅನ್ನೋದು ಗೊತ್ತಾಗುವುದು ಒದ್ದೆಯಾದ ಮೇಲೆ.

ಹನ್ನೊಂದು ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ಲೋಹದ ತಗಡುಗಳನ್ನು ಅಂಟಿಗೆ ಸಿದ್ಧ ಮಾಡುವುದು, ಆಮೇಲೆ ಅವನ್ನು ಕಷ್ಟಕ್ಕೆ ಒಡ್ಡಿ ಯಾವಾಗ ಬಿಡುತ್ತವೆ ಅಂತ ಕಾಯುವುದು. ಇಷ್ಟು ವರ್ಷದಲ್ಲಿ ಒಂದು ಮಾತು ನನಗೆ ಗಟ್ಟಿಯಾಗಿದೆ. ಸಿಲೇನ್ ಕೆಲಸ ಅಂದರೆ ನೀರನ್ನು ನಿಭಾಯಿಸುವ ಕೆಲಸ. ಶುರುವಿನಲ್ಲಿ ನೀರು ಬೇಕೇ ಬೇಕು. ನಡುವೆ ಅದನ್ನು ಪೂರ್ತಿ ಓಡಿಸಬೇಕು. ಕೊನೆಗೆ ಅದು ಒಳಗೆ ಬರದ ಹಾಗೆ ತಡೆಯಬೇಕು. ಈ ಮೂರರಲ್ಲಿ ಯಾವುದು ತಪ್ಪಿದರೂ ಪದರ ಕೈಕೊಡುತ್ತದೆ.

ಮೊದಲು, ತಗಡಿನ ಮೇಲೆ ಏನು ನಡೆಯುತ್ತದೆ

ಅಲ್ಯೂಮಿನಿಯಂ ಮುಟ್ಟುತ್ತಿದ್ದೇವೆ ಅಂದುಕೊಳ್ಳುತ್ತೇವೆ. ನಿಜವಾಗಿ ಕೈಗೆ ಸಿಗುವುದು ಅದರ ಆಕ್ಸೈಡ್. ಹೊಸದಾಗಿ ಉಜ್ಜಿದ ಲೋಹ ಗಾಳಿ ಸೋಕಿದ ತಕ್ಷಣ ತನ್ನ ಮೇಲೆ 2ರಿಂದ 4 ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಹೊದ್ದುಕೊಳ್ಳುತ್ತದೆ. ಗಾಳಿಯಲ್ಲಿರುವ ತೇವ ಆ ಆಕ್ಸೈಡ್‌ನ ಮೇಲೆ ಹೈಡ್ರಾಕ್ಸಿಲ್ ಗುಂಪುಗಳನ್ನು, ಅಂದರೆ ಒಂದು ಆಕ್ಸಿಜನ್ ಒಂದು ಹೈಡ್ರೋಜನ್ ಸೇರಿದ ಜೋಡಿಗಳನ್ನು, ಕೂರಿಸುತ್ತದೆ. ಸಿಲೇನ್ ಕೈ ಹಿಡಿಯುವುದು ಈ ಹೈಡ್ರಾಕ್ಸಿಲ್‌ಗಳನ್ನೇ. ಅವು ಎಣ್ಣೆಯ ಕೆಳಗೆ ಮುಚ್ಚಿಹೋಗಿದ್ದರೆ ಸಿಲೇನ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ.

ಸಿಲೇನ್ ಅಣುವಿಗೆ ಎರಡು ಕಡೆ. ಒಂದು ಕಡೆ ಸಿಲಿಕಾನ್‌ಗೆ ಕಾರ್ಬನ್ ಮೂಲಕ ಸೇರಿದ ಸಾವಯವ ಬಾಲ. ಈ ಬಂಧ ನೀರಿಗೆ ಜಗ್ಗುವುದಿಲ್ಲ. ನಾನು ಜಾಸ್ತಿ ಬಳಸುವ ಗ್ಲೈಸಿಡಾಕ್ಸಿಪ್ರೊಪೈಲ್ ಟ್ರೈಮೆಥಾಕ್ಸಿಸಿಲೇನ್‌ನಲ್ಲಿ ಬಾಲದ ತುದಿಗೆ ಎಪಾಕ್ಸಿ ಗುಂಪು ಇದೆ. ಮೇಲೆ ಹಾಕುವ ಎಪಾಕ್ಸಿ ಅಂಟಿನ ಜೊತೆ ಬೆರೆಯುವುದು ಅದೇ. ಇನ್ನೊಂದು ಕಡೆ ಮೂರು ಮೆಥಾಕ್ಸಿ ಗುಂಪುಗಳು. ನೀರು ಸಿಕ್ಕರೆ ಅವು ಮೆಥನಾಲ್ ಆಗಿ ಕಳಚಿಕೊಂಡು, ಆ ಜಾಗದಲ್ಲಿ ಸಿಲನಾಲ್, ಅಂದರೆ ಸಿಲಿಕಾನ್ ಮೇಲೆ ಕೂತ ಹೈಡ್ರಾಕ್ಸಿಲ್, ಉಳಿಯುತ್ತದೆ. ಸಿಲನಾಲ್ ಮೊದಲು ಮೇಲ್ಮೈಯ ಹೈಡ್ರಾಕ್ಸಿಲ್ ಜೊತೆ ಹೈಡ್ರೋಜನ್ ಬಂಧದಲ್ಲಿ ಸಡಿಲವಾಗಿ ಕೂರುತ್ತದೆ. ಆಮೇಲೆ ಬಿಸಿ ಕೊಟ್ಟಾಗ ಇಬ್ಬರ ನಡುವಿನಿಂದ ಒಂದು ನೀರಿನ ಅಣು ಹೊರಬಿದ್ದು, ಸಿಲಿಕಾನ್, ಆಕ್ಸಿಜನ್, ಅಲ್ಯೂಮಿನಿಯಂ ಸೇರಿದ ನಿಜವಾದ ಕೊಂಡಿ ಆಗುತ್ತದೆ.

ಪುಸ್ತಕದ ಚಿತ್ರಗಳಲ್ಲಿ ಪ್ರತಿ ಸಿಲೇನ್ ಮೂರೂ ಕಾಲನ್ನು ಲೋಹದ ಮೇಲೆ ಊರಿ ನಿಂತಿರುತ್ತದೆ. ಹಾಗೆ ಆಗುವುದು ಬಹಳ ಕಡಿಮೆ. ಹೆಚ್ಚಿನ ಅಣುಗಳಿಗೆ ಒಂದು ಕಾಲು ಲೋಹಕ್ಕೆ ಸಿಕ್ಕರೆ ಅದೇ ಪುಣ್ಯ. ಉಳಿದ ಎರಡು ಅಕ್ಕಪಕ್ಕದ ಸಿಲೇನ್‌ಗಳ ಜೊತೆ ಹೆಣೆದುಕೊಳ್ಳುತ್ತವೆ. ಹಾಗಾಗಿ ನಾವು ಹಚ್ಚುವುದನ್ನು ಅಣುಗಳ ಸಾಲು ಅನ್ನುವುದಕ್ಕಿಂತ ಬಲೆ ಅಂತ ಕಲ್ಪಿಸಿಕೊಳ್ಳಿ. 1 ಶೇಕಡಾ ದ್ರಾವಣದಲ್ಲಿ ಅದ್ದಿದರೆ ಆ ಬಲೆ ಅನೇಕ ಪದರ ದಪ್ಪ ಇರುತ್ತದೆ. ಅದರಲ್ಲಿ ಕೆಳಗಿನ ಭಾಗ ಬಿಗಿ, ಮೇಲಿನ ಭಾಗ ಸಡಿಲ. ಜಾಸ್ತಿ ಹಚ್ಚಿದರೆ ಜಾಸ್ತಿ ಗಟ್ಟಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದಪ್ಪವಾದಷ್ಟೂ ಸಡಿಲವಾದ ಭಾಗವೇ ಜಾಸ್ತಿಯಾಗುತ್ತದೆ, ಅಂಟು ಬಿಡುವುದೂ ಅಲ್ಲೇ.

ಎಲ್ಲ ಆಕ್ಸೈಡ್‌ಗಳೂ ಒಂದೇ ಥರ ಹಿಡಿಯುವುದಿಲ್ಲ. ಗಾಜು, ಸಿಲಿಕಾ, ಅಲ್ಯೂಮಿನಾ ಚೆನ್ನಾಗಿ ಹಿಡಿಯುತ್ತವೆ. ಟೈಟಾನಿಯಂ ಆಕ್ಸೈಡ್ ಕೂಡ ಪರವಾಗಿಲ್ಲ. ಉಕ್ಕು ಮತ್ತು ಸತುವಿನ ಮೇಲೆ ಕಷ್ಟ ಪಡಬೇಕು. ಉಕ್ಕಿಗೆ ಬರೀ ನೀರಿನ ದ್ರಾವಣ ಹಾಕಿದರೆ ಸಿಲೇನ್ ಕೂರುವ ಮೊದಲೇ ತುಕ್ಕು ಬರುತ್ತದೆ. ಅದಕ್ಕೆ 95 ಪಾಲು ಎಥನಾಲ್, 5 ಪಾಲು ನೀರು ಬಳಸಿ. ಸುಣ್ಣದ ಕಲ್ಲಿನಂಥ ಕಾರ್ಬೊನೇಟ್ ಮೇಲೆ ಸಾಮಾನ್ಯ ಸಿಲೇನ್ ಹಚ್ಚಿ ಸುಮ್ನೆ ಸಮಯ ಕಳೆಯಬೇಡಿ.

ತೊಳೆಯುವುದು: ಅರ್ಧ ಕೆಲಸ ಇಲ್ಲೇ ಇದೆ

ತಗಡನ್ನು ಮೊದಲು ಅಸಿಟೋನ್‌ನಲ್ಲಿ ಒರೆಸಿ. ಬಟ್ಟೆಯನ್ನು ಒಂದೇ ದಿಕ್ಕಿಗೆ ಎಳೆಯಿರಿ, ಹಿಂದೆ ಮುಂದೆ ತಿಕ್ಕಬೇಡಿ. ತಿಕ್ಕಿದರೆ ಎಣ್ಣೆ ಹೋಗುವುದಿಲ್ಲ, ಹರಡುತ್ತದೆ. ಪ್ರತಿ ಸಲವೂ ಬಟ್ಟೆಯ ಹೊಸ ಜಾಗ ಬಳಸಿ. ಬಟ್ಟೆಯಲ್ಲಿ ಕಪ್ಪು ಬರುವುದು ನಿಂತ ಮೇಲೆ ಸೌಮ್ಯವಾದ ಕ್ಷಾರ ಕ್ಲೀನರ್‌ನಲ್ಲಿ ತೊಳೆದು, ಡಿಅಯನೈಸ್ಡ್ (ಕರಗಿದ ಲವಣ ತೆಗೆದ) ನೀರಿನಲ್ಲಿ ಚೆನ್ನಾಗಿ ಜಾಲಿಸಿ.

ಆಮೇಲೆ ಮೇಲ್ಮೈಯನ್ನು ಒರಟು ಮಾಡಬೇಕು. ಅನುಕೂಲ ಇದ್ದರೆ 50 ಮೈಕ್ರಾನ್ ಅಲ್ಯೂಮಿನಾ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಸಿಡಿಸಿ. ಇಲ್ಲದಿದ್ದರೆ ನಯವಾದ ಎಮರಿ ಪೇಪರ್ ಸಾಕು. ಇದರಿಂದ ಹಳೆಯ, ಕೊಳೆ ಕೂತ ಆಕ್ಸೈಡ್ ಹೋಗಿ ಹೊಸದು ಬರುತ್ತದೆ. ಸಿಲೇನ್‌ಗೆ ಬೇಕಾಗಿರುವುದು ಈ ಹೊಸ ಆಕ್ಸೈಡ್.

ಈಗ ಮಾಡುವ ಒಂದು ಪರೀಕ್ಷೆಗೆ ಯಂತ್ರ ಬೇಡ, ಖರ್ಚಿಲ್ಲ. ಆದರೂ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ತಗಡಿನ ಅಂಚನ್ನು ಚಿಮಟದಲ್ಲಿ ಹಿಡಿದು ಡಿಅಯನೈಸ್ಡ್ ನೀರು ಸುರಿದು, ನೆಟ್ಟಗೆ ಎತ್ತಿ ಬೆಳಕಿಗೆ ಹಿಡಿಯಿರಿ. 30 ಸೆಕೆಂಡು ಕಣ್ಣು ಕದಲಿಸದೆ ನೋಡಿ. ಮೇಲ್ಮೈ ಶುದ್ಧವಾಗಿದ್ದರೆ ನೀರು ಒಂದೇ ಹಾಳೆಯಂತೆ ಮೈತುಂಬ ನಿಲ್ಲುತ್ತದೆ, ಮೇಲಿನಿಂದ ನಿಧಾನವಾಗಿ ತೆಳ್ಳಗಾಗುತ್ತಾ ಬರುತ್ತದೆ, ಆದರೆ ಎಲ್ಲೂ ಒಡೆಯುವುದಿಲ್ಲ. ಎಲ್ಲಾದರೂ ಎಣ್ಣೆ ಉಳಿದಿದ್ದರೆ ಆ ಜಾಗದಲ್ಲಿ ನೀರು ತೂತು ಬಿದ್ದ ಹಾಗೆ ಹಿಂದೆ ಸರಿಯುತ್ತದೆ. ತೂತಿನ ಅಂಚು ದುಂಡಗೆ ಉಬ್ಬಿ ಹೊಳೆಯುತ್ತದೆ. ಒಮ್ಮೆ ಒಂದು ತಗಡಿನಲ್ಲಿ ಆ ತೂತು ಸರಿಯಾಗಿ ಹೆಬ್ಬೆರಳಿನ ಆಕಾರದಲ್ಲಿತ್ತು. ಗ್ಲೌಸ್ ಹಾಕಿಕೊಂಡೇ ಹಿಡಿದಿದ್ದರು, ಆದರೆ ಅದೇ ಗ್ಲೌಸ್‌ನಲ್ಲಿ ಮೊದಲು ಗ್ರೀಸ್ ಹಚ್ಚಿದ ಗಾಜಿನ ಮುಚ್ಚಳ ತೆಗೆದಿದ್ದರು. ಸಿಲಿಕೋನ್ ಗ್ರೀಸ್ ಇರುವ ಮೇಜಿನ ಹತ್ತಿರ ಈ ಕೆಲಸ ಮಾಡಲೇಬೇಡಿ.

ತೂತು ಕಂಡರೆ ಮತ್ತೆ ಮೊದಲಿನಿಂದ ತೊಳೆಯಿರಿ. ತೂತು ಇಲ್ಲದಿದ್ದರೆ ತಡಮಾಡದೆ ಮುಂದಿನ ಹೆಜ್ಜೆಗೆ ಹೋಗಿ. ಶುದ್ಧ ಆಕ್ಸೈಡ್ ಗಾಳಿಯಲ್ಲಿರುವ ಸಾವಯವ ಆವಿಯನ್ನು ಬಹಳ ಬೇಗ ಎಳೆದುಕೊಳ್ಳುತ್ತದೆ. ಊಟ ಮಾಡಿ ಬಂದು ಹಚ್ಚುತ್ತೇನೆ ಅಂದರೆ ಮತ್ತೆ ತೊಳೆಯಬೇಕಾಗುತ್ತದೆ.

ದ್ರಾವಣ ಮಾಡುವುದು

ದ್ರಾವಣವನ್ನು ತಗಡು ತೊಳೆಯುವುದಕ್ಕೂ ಮೊದಲೇ ಶುರು ಮಾಡಿ. ಅದಕ್ಕೆ ಒಂದು ಗಂಟೆ ಬೇಕು.

ಪ್ಲಾಸ್ಟಿಕ್ ಬೀಕರ್ ತೆಗೆದುಕೊಳ್ಳಿ. ಗಾಜಿನದಾದರೆ ಸಿಲೇನ್ ಅದರ ಗೋಡೆಗೂ ಹಿಡಿಯುತ್ತದೆ. 500 ಮಿಲಿ ಲೀಟರ್ ಡಿಅಯನೈಸ್ಡ್ ನೀರಿಗೆ ಅಸಿಟಿಕ್ ಆಮ್ಲವನ್ನು ಹನಿ ಹನಿಯಾಗಿ ಹಾಕಿ ಪಿಎಚ್ ಅನ್ನು 5ರ ಹತ್ತಿರ ತನ್ನಿ. ನೀರು ಕಲಕುತ್ತಿರುವಾಗಲೇ 5 ಮಿಲಿ ಲೀಟರ್ ಸಿಲೇನ್ ನಿಧಾನವಾಗಿ ಬಿಡಿ. ಮೊದಲು ಅದು ಎಣ್ಣೆಯ ಹನಿಗಳ ಹಾಗೆ ತಳದಲ್ಲಿ ಸುತ್ತುತ್ತಿರುತ್ತದೆ. ಮೆಥಾಕ್ಸಿ ಕಳಚಿ ಸಿಲನಾಲ್ ಆದಂತೆಲ್ಲಾ ಅದು ನೀರಿಗೆ ಹತ್ತಿರವಾಗುತ್ತದೆ, ಹನಿಗಳು ಕರಗುತ್ತವೆ. ಕೊನೆಗೆ ಬೀಕರ್‌ನಲ್ಲಿ ಸ್ವಚ್ಛ ನೀರಿನಂತೆ ಕಾಣುವ ದ್ರಾವಣ ಉಳಿಯುತ್ತದೆ. ಸಾವಯವ ಎಣ್ಣೆ ನಮ್ಮ ಕಣ್ಣೆದುರೇ ನೀರಾಗುವ ಆ ಹೊತ್ತು ನನಗೆ ಇವತ್ತಿಗೂ ಇಷ್ಟ. ಒಂದು ಗಂಟೆ ಕಲಕಲು ಬಿಡಿ.

ಪಿಎಚ್ ಯಾಕೆ 5? ಇದು ಅರ್ಥವಾದರೆ ಬೇರೆ ಸಿಲೇನ್‌ಗಳಿಗೂ ನೀವೇ ದ್ರಾವಣ ಯೋಚಿಸಬಹುದು. ಬೀಕರ್‌ನಲ್ಲಿ ಎರಡು ಕ್ರಿಯೆಗಳು ಓಟಕ್ಕೆ ಬಿದ್ದಿರುತ್ತವೆ. ಒಂದು, ಸಿಲೇನ್ ನೀರಿನ ಜೊತೆ ಸೇರಿ ಸಿಲನಾಲ್ ಆಗುವುದು. ಇನ್ನೊಂದು, ಸಿಲನಾಲ್‌ಗಳು ತಮ್ಮತಮ್ಮಲ್ಲೇ ಹೆಣೆದುಕೊಂಡು ಗಂಟಾಗುವುದು. ನಮಗೆ ಮೊದಲನೆಯದು ಬೇಕು, ಎರಡನೆಯದು ತಗಡಿನ ಮೇಲೆ ಹೋಗುವ ತನಕ ಬೇಡ. ಸಿಲನಾಲ್ ಆಗುವ ವೇಗ ಪಿಎಚ್ 7ರ ಹತ್ತಿರ ತೀರಾ ಕಡಿಮೆ, ಆಮ್ಲದ ಕಡೆಗೂ ಕ್ಷಾರದ ಕಡೆಗೂ ಜಾಸ್ತಿ. ಗಂಟಾಗುವ ವೇಗ ಪಿಎಚ್ 4ರ ಆಸುಪಾಸಿನಲ್ಲಿ ತೀರಾ ಕಡಿಮೆ. ಹಾಗಾಗಿ 4ರಿಂದ 5ರ ನಡುವೆ ನಮಗೆ ಬೇಕಾದ ಜಾಗ ಸಿಗುತ್ತದೆ. ಎಪಾಕ್ಸಿ ಸಿಲೇನ್‌ಗೆ 4ಕ್ಕಿಂತ ಕೆಳಗೆ ಇಳಿಸಬೇಡಿ, ಆಮ್ಲ ಜಾಸ್ತಿಯಾದರೆ ಎಪಾಕ್ಸಿ ಉಂಗುರವೇ ಒಡೆಯುತ್ತದೆ. ಎಥಾಕ್ಸಿ ಗುಂಪಿನ ಸಿಲೇನ್ ಆದರೆ ನಿಧಾನ, ಇನ್ನೂ ಹೊತ್ತು ಕೊಡಿ. ಬಾಲದ ತುದಿಗೆ ಎಪಾಕ್ಸಿ ಬದಲು ಅಮೈನ್ ಅನ್ನುವ ಸಾರಜನಕದ ಗುಂಪು ಇರುವ ಅಮೈನೊ ಸಿಲೇನ್ ಬೇರೆಯೇ ಕಥೆ. ಅದರ ಅಮೈನ್ ತಾನಾಗಿಯೇ ಪಿಎಚ್ ಅನ್ನು 10ರ ಮೇಲಕ್ಕೆ ಒಯ್ಯುತ್ತದೆ, ಯಾರ ಸಹಾಯವೂ ಇಲ್ಲದೆ ಬೇಗ ಸಿಲನಾಲ್ ಆಗುತ್ತದೆ.

ನಾನು ಕೆಲಸ ಕಲಿಯುವಾಗ ಒಂದು ಸಂಜೆ ದ್ರಾವಣ ಉಳಿಯಿತು. ಚೆಲ್ಲಲು ಮನಸ್ಸಾಗಲಿಲ್ಲ, ಮುಚ್ಚಿಟ್ಟು ಹೋದೆ. ಮಾರನೆಯ ದಿನ ಬೀಕರ್ ಕಡೆ ಸರಿಯಾಗಿ ನೋಡದೆ ಹನ್ನೆರಡು ತಗಡು ಅದ್ದಿದೆ. ಓವನ್‌ನಿಂದ ತೆಗೆದಾಗ ಎಲ್ಲದರ ಮೇಲೂ ತೆಳ್ಳಗೆ ಬೂದಿ ಬಳಿದ ಹಾಗೆ ಬಿಳಿ ಮಬ್ಬು. ಉಗುರಿನಿಂದ ಗೀರಿದರೆ ಪುಡಿ ಬಂತು. ಸಿಲೇನ್ ಬೀಕರ್‌ನಲ್ಲೇ ಗಂಟಾಗಿ, ಕೈಗಳನ್ನೆಲ್ಲ ಒಂದಕ್ಕೊಂದು ಕೊಟ್ಟು ಮುಗಿಸಿತ್ತು. ಲೋಹಕ್ಕೆ ಕೊಡಲು ಅದರ ಬಳಿ ಏನೂ ಉಳಿದಿರಲಿಲ್ಲ. ಆಗಿನಿಂದ ಅದ್ದುವ ಮೊದಲು ಬೀಕರ್ ಹಿಂದೆ ಅಚ್ಚು ಹಾಕಿದ ಕಾಗದ ಇಟ್ಟು ಅಕ್ಷರ ಓದುತ್ತೇನೆ. ಅಕ್ಷರ ಸ್ವಲ್ಪ ಮಸುಕಾದರೂ ದ್ರಾವಣ ಚೆಲ್ಲಿ ಹೊಸದು ಮಾಡುತ್ತೇನೆ.

ಕನ್ನಡಕ, ನೈಟ್ರೈಲ್ ಗ್ಲೌಸ್, ಆವಿ ಎಳೆಯುವ ಹುಡ್ ಮೂರೂ ಬೇಕು. ಈ ಸಿಲೇನ್ ಕಣ್ಣಿಗೆ ಬಿದ್ದರೆ ದೊಡ್ಡ ಹಾನಿ ಮಾಡುತ್ತದೆ. ಮೆಥಾಕ್ಸಿ ಸಿಲೇನ್‌ಗಳೆಲ್ಲ ಮೆಥನಾಲ್ ಬಿಡುತ್ತವೆ ಅನ್ನೋದನ್ನೂ ಮರೆಯಬೇಡಿ.

ಅದ್ದಿ, ಒಣಗಿಸಿ, ಬೇಯಿಸಿ

ತಗಡನ್ನು 10ರಿಂದ 15 ನಿಮಿಷ ದ್ರಾವಣದಲ್ಲಿ ಮುಳುಗಿಸಿಡಿ. ದೊಡ್ಡ ತಗಡಾದರೆ ಬ್ರಷ್‌ನಿಂದ ಹಚ್ಚುತ್ತಾ ಅಷ್ಟೂ ಹೊತ್ತು ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಿ. ಹೊರತೆಗೆದು ನೆಟ್ಟಗೆ ನಿಲ್ಲಿಸಿ ದ್ರಾವಣ ಇಳಿಯಲು ಬಿಡಿ. ಕೆಳ ಅಂಚಿನಲ್ಲಿ ನಿಂತ ಹನಿಯನ್ನು ಟಿಶ್ಯೂ ಮೂಲೆಯಿಂದ ಹೀರಿ. ಅಲ್ಲಿ ಬಿಟ್ಟರೆ ಪದರ ದಪ್ಪವಾಗುತ್ತದೆ. ಆಮೇಲೆ 110 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ.

ಈ ಕ್ರಮ ನನ್ನ ಕಲ್ಪನೆಯದಲ್ಲ. ಅಲ್ಯೂಮಿನಾ ಪುಡಿ ಸಿಡಿಸಿ, 1 ಶೇಕಡಾ ಎಪಾಕ್ಸಿ ಸಿಲೇನ್ ಹಚ್ಚಿ, 110 ಡಿಗ್ರಿಯಲ್ಲಿ ಒಣಗಿಸುವ ವಿಧಾನವನ್ನು ಆಸ್ಟ್ರೇಲಿಯಾದ ವಾಯುಪಡೆ ವಿಮಾನದ ಭಾಗಗಳಿಗೆ ತೇಪೆ ಅಂಟಿಸಿ ರಿಪೇರಿ ಮಾಡಲು ಬಳಸುತ್ತದೆ. ಅಪಾಯಕಾರಿ ಆಮ್ಲದ ತೊಟ್ಟಿಗಳಿಲ್ಲದೆ, ವಿಮಾನ ನಿಂತ ಜಾಗದಲ್ಲೇ ಮಾಡಬಹುದು ಅನ್ನೋದು ಇದರ ದೊಡ್ಡ ಗುಣ.

ಓವನ್‌ನ ಒಂದು ಗಂಟೆಯನ್ನು ಯಾರೂ ಕಡಿಮೆ ಮಾಡಬಾರದು. ಸಡಿಲವಾಗಿ ಕೂತ ಸಿಲನಾಲ್ ನಿಜವಾದ ಕೊಂಡಿಯಾಗುವುದು ಇಲ್ಲೇ, ನೀರನ್ನು ಪೂರ್ತಿ ಓಡಿಸಬೇಕಾದದ್ದೂ ಇಲ್ಲೇ. ತಗಡು ಕೈಗೆ ಒಣಗಿದಂತೆ ಅನಿಸಿದರೂ ಬಲೆಯ ಒಳಗೆ ಇನ್ನೂ ನೀರಿರುತ್ತದೆ. ಅಮೈನೊ ಸಿಲೇನ್‌ನಲ್ಲಂತೂ ಎಷ್ಟೋ ಅಣುಗಳು ಅಮೈನ್ ತುದಿಯನ್ನು ಮೇಲ್ಮೈಗೆ ಊರಿ ತಲೆಕೆಳಗಾಗಿ ಕೂತಿರುತ್ತವೆ, ತಿರುಗಿ ಸರಿಯಾಗಿ ಕೂರಲು ಅವಕ್ಕೂ ಈ ಬಿಸಿ ಬೇಕು.

ತಣ್ಣಗಾದ ಮೇಲೆ ಒಂದು ಹನಿ ನೀರು ಇಟ್ಟು, ಮೊಬೈಲ್ ಅನ್ನು ತಗಡಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಫೋಟೊ ತೆಗೆಯಿರಿ. ಹಚ್ಚುವ ಮೊದಲು ನೀರು ಪೂರ್ತಿ ಹರಡುತ್ತಿತ್ತು, ಈಗ ನಯವಾದ ತಗಡಿನ ಮೇಲೆ ಸುಮಾರು 50ರಿಂದ 60 ಡಿಗ್ರಿ ಕೋನದಲ್ಲಿ ಗುಮ್ಮಟದಂತೆ ನಿಲ್ಲಬೇಕು. ಈ ಫೋಟೊ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಅಂಟನ್ನು ಅದೇ ದಿನ ಹಾಕಿ.

ಪದರ ಹೇಗೆ ಸಾಯುತ್ತದೆ

ನಾವು ಓಡಿಸಿದ ನೀರು ವಾಪಸ್ ಬರುತ್ತದೆ. ಎಪಾಕ್ಸಿ ಅಂಟಿನ ಮೂಲಕ ನಿಧಾನವಾಗಿ ಇಳಿಯುತ್ತದೆ, ಅಂಚುಗಳಿಂದ ನುಸುಳುತ್ತದೆ. ಕೊಂಡಿ ಆಗುವಾಗ ನೀರು ಹೊರಬಿದ್ದಿತ್ತು ಅಲ್ವಾ, ಅದೇ ಕ್ರಿಯೆ ಈಗ ಹಿಂದಕ್ಕೆ ನಡೆಯುತ್ತದೆ. ಸಿಲಿಕಾನ್ ಮತ್ತು ಅಲ್ಯೂಮಿನಿಯಂ ನಡುವಿನ ಕೊಂಡಿಯನ್ನು ನೀರು ಒಡೆದು ಎರಡು ಹೈಡ್ರಾಕ್ಸಿಲ್ ಮಾಡುತ್ತದೆ.

ಹಾಗಾದರೆ ಒದ್ದೆಯಾದ ಕೂಡಲೇ ಎಲ್ಲವೂ ಯಾಕೆ ಕಳಚುವುದಿಲ್ಲ? ಸಿಲಿಕೋನ್ ತಯಾರಿಸುತ್ತಿದ್ದ ಡೌ ಕಾರ್ನಿಂಗ್ ಕಂಪನಿಯಲ್ಲಿ ಕೆಲಸ ಮಾಡಿದ ಎಡ್ವಿನ್ ಪ್ಲೂಡೆಮನ್ ಇದಕ್ಕೆ ಕೊಟ್ಟ ವಿವರಣೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಕೊಂಡಿಗಳು ಒಡೆಯುತ್ತಲೂ ಇರುತ್ತವೆ, ಮತ್ತೆ ಸೇರುತ್ತಲೂ ಇರುತ್ತವೆ. ಒಂದು ಕೊಂಡಿ ಬಿಟ್ಟರೂ ಅಕ್ಕಪಕ್ಕದ ಬಲೆ ಆ ಸಿಲನಾಲ್ ಅನ್ನು ಅಲ್ಲೇ ಹಿಡಿದಿಟ್ಟರೆ, ಅದಕ್ಕೆ ಮತ್ತೆ ಕೂರುವ ಅವಕಾಶ ಇದೆ. ಬಲೆ ಸಡಿಲವಾಗಿದ್ದರೆ ಬಿಟ್ಟ ಅಣು ದೂರ ಸರಿಯುತ್ತದೆ, ಆ ಜಾಗದಲ್ಲಿ ನೀರು ಗುಂಪು ಕಟ್ಟುತ್ತದೆ. ಒಮ್ಮೆ ಗುಂಪು ಕಟ್ಟಿದ ಮೇಲೆ ವಾಪಸ್ ಬರುವ ದಾರಿ ಇಲ್ಲ. ಓವನ್ ಸಮಯಕ್ಕೆ ನಾನು ಅಷ್ಟು ಹಟ ಹಿಡಿಯುವುದು ಇದಕ್ಕೇ.

ನೀರಿನ ಪಿಎಚ್ ಕೂಡ ಮುಖ್ಯ. ಕ್ಷಾರದಲ್ಲಿ ಸಿಲಿಕಾನ್ ಕೊಂಡಿಗಳು ಬೇಗ ಒಡೆಯುತ್ತವೆ. ಜೊತೆಗೆ ಪಿಎಚ್ 4ರಿಂದ 9ರ ಆಚೆಗೆ ಹೋದರೆ ಅಲ್ಯೂಮಿನಿಯಂ ಆಕ್ಸೈಡ್ ತಾನೇ ಕರಗಲು ಶುರುವಾಗುತ್ತದೆ. ಸಿಲೇನ್ ಎಷ್ಟೇ ಗಟ್ಟಿಯಾಗಿ ಹಿಡಿದಿದ್ದರೂ ನಿಂತ ನೆಲವೇ ಕರಗಿದರೆ ಏನು ಮಾಡುತ್ತದೆ? ಉಪ್ಪು ನೀರಿನಲ್ಲಿ ಇದು ಇನ್ನೂ ಜೋರು. ಪದರದಲ್ಲಿ ಸಣ್ಣ ಗೀರು ಇದ್ದರೂ ಅಲ್ಲಿ ತುಕ್ಕಿನ ಕ್ರಿಯೆ ಶುರುವಾಗಿ, ಆಕ್ಸಿಜನ್ ಖರ್ಚಾಗುವ ಕಡೆ ಕ್ಷಾರ ಹುಟ್ಟುತ್ತದೆ, ಅದು ಪದರದ ಕೆಳಗೆ ಹರಿದು ಅಂಚನ್ನು ಬಿಡಿಸುತ್ತಾ ಹೋಗುತ್ತದೆ. 2024 ಅನ್ನುವ ಸಂಖ್ಯೆಯಿಂದ ಗುರುತಿಸುವ, ತಾಮ್ರ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹದಂಥವುಗಳಲ್ಲಿ ತಾಮ್ರ ಜಾಸ್ತಿ ಇರುವ ಕಣಗಳ ಸುತ್ತಲೇ ಇದು ಮೊದಲು ಕಾಣುತ್ತದೆ.

ಬಿಸಿ ನೀರಿನಲ್ಲಿ ಇನ್ನೊಂದು ಸಂಗತಿ ಇದೆ. ಸಿಲೇನ್ ಬಿಟ್ಟ ಜಾಗದಲ್ಲಿ ಆಕ್ಸೈಡ್ ನೀರು ಕುಡಿದು ಹೈಡ್ರೇಟ್ ಆಗಿ ಊದಿಕೊಳ್ಳುತ್ತದೆ. ಆ ಹೊಸ ಪದರ ಲೋಹಕ್ಕೆ ಗಟ್ಟಿಯಾಗಿ ಹಿಡಿದಿರುವುದಿಲ್ಲ.

ಅಮೈನೊಪ್ರೊಪೈಲ್ ಸಿಲೇನ್ ಬಗ್ಗೆ ಎಚ್ಚರ ಹೇಳಲೇಬೇಕು. ಅದು ಸುಲಭವಾಗಿ ಹಚ್ಚಿಕೊಳ್ಳುತ್ತದೆ, ಅದಕ್ಕೇ ಜನ ಇಷ್ಟಪಡುತ್ತಾರೆ. ಆದರೆ ಅದರ ಬಾಲ ಸರಿಯಾಗಿ ಬಾಗಿ, ಅಮೈನ್ ತನ್ನದೇ ಸಿಲಿಕಾನ್ ಅನ್ನು ಮುಟ್ಟುವಷ್ಟು ಉದ್ದ ಇದೆ. ಐದು ಪರಮಾಣುಗಳ ಉಂಗುರದಂತೆ ಬಾಗಿ, ಅಮೈನ್ ತನ್ನ ಕೊಂಡಿ ಒಡೆಯಲು ತಾನೇ ನೀರಿಗೆ ಸಹಾಯ ಮಾಡುತ್ತದೆ. 40 ಡಿಗ್ರಿ ನೀರಿನಲ್ಲೂ ಪದರ ತೆಳುವಾಗುತ್ತಾ ಹೋಗುತ್ತದೆ. ಅಮೈನ್ ಬೇಕೇ ಬೇಕು ಅಂದರೆ ನಡುವಿನ ಸರಪಳಿ ಉದ್ದ ಇರುವ ಸಿಲೇನ್ ಆರಿಸಿ.

ಟೈಟಾನಿಯಂ ಆಕ್ಸೈಡ್ ಮೇಲೆ ಹಚ್ಚುವವರು ನೀರಿನ ಜೊತೆ ಬೆಳಕಿಗೂ ಹೆದರಬೇಕು. ಅನಾಟೇಸ್ ರೂಪದ ಆಕ್ಸೈಡ್ 387 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗದ ನೇರಳಾತೀತ ಬೆಳಕು ಹೀರಿ ಸಾವಯವ ಬಾಲವನ್ನು ಸುಟ್ಟುಬಿಡುತ್ತದೆ. ಸಿಲಿಕಾನ್ ಆಕ್ಸಿಜನ್ ಬಲೆ ಮಾತ್ರ ಉಳಿಯುತ್ತದೆ. ಪದರ ಇದೆ, ಆದರೆ ಅಂಟಿಗೆ ಅದರಿಂದ ಉಪಯೋಗವಿಲ್ಲ.

ಬಲೆಯನ್ನೇ ಬಿಗಿ ಮಾಡುವ ದಾರಿಯೂ ಇದೆ. ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ವಿಮ್ ವಾನ್ ಓಯ್ ಮತ್ತು ಜೊತೆಗಾರರು ಲೋಹಗಳ ಮೇಲೆ ಬಿಸ್ ಸಿಲೇನ್‌ಗಳನ್ನು ಬಹಳ ಕಾಲ ಪರೀಕ್ಷಿಸಿದರು. ಇವುಗಳಲ್ಲಿ ಒಂದು ಅಣುವಿಗೆ ಎರಡು ಸಿಲಿಕಾನ್, ಒಟ್ಟು ಆರು ಕೈ. ಮೊದಲು ಬಿಸ್ ಟ್ರೈಎಥಾಕ್ಸಿಸಿಲೈಲ್ ಈಥೇನ್ ಹಚ್ಚಿ, ಅದರ ಮೇಲೆ ಅಂಟಿನ ಜೊತೆ ಬೆರೆಯುವ ಎಪಾಕ್ಸಿಯಂಥ ಸಿಲೇನ್ ಹಚ್ಚಬಹುದು. ಉಪ್ಪು ನೀರಿಗೆ ಹೋಗುವ ತಗಡುಗಳಿಗೆ ನಾನು ಈ ಎರಡು ಹಂತದ ದಾರಿಯನ್ನೇ ಹಿಡಿಯುತ್ತೇನೆ.

ಬೆಣೆ ಹೊಡೆದು ನೋಡುವುದು

ಅಂಟಿಸಿದ ಜೋಡಿ ಎಷ್ಟು ತಡೆಯುತ್ತದೆ ಅಂತ ತಿಳಿಯಲು ಬೆಣೆ ಪರೀಕ್ಷೆಗಿಂತ ಪ್ರಾಮಾಣಿಕವಾದದ್ದು ನಾನು ಕಂಡಿಲ್ಲ. ಸುಮಾರು 3.2 ಮಿಲಿಮೀಟರ್ ದಪ್ಪ, 25 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದದ ಎರಡು ತಗಡು ಅಂಟಿಸಿ. ಒಂದು ತುದಿಯಲ್ಲಿ ಅಂಟು ಹಾಕದೆ ಸ್ವಲ್ಪ ಜಾಗ ಬಿಡಿ, ಅಲ್ಲಿಂದ ಅಷ್ಟೇ ದಪ್ಪದ ಬೆಣೆ ಹೊಡೆಯಿರಿ. ಬಿರುಕಿನ ತುದಿಯನ್ನು ಭೂತಗನ್ನಡಿಯಲ್ಲಿ ಹುಡುಕಿ ಗುರುತು ಗೀರಿ. ಆಮೇಲೆ 50 ಡಿಗ್ರಿಯ ತೇವ ತುಂಬಿದ ಪೆಟ್ಟಿಗೆಯಲ್ಲಿಟ್ಟು ಒಂದು ಗಂಟೆಗೆ, ಒಂದು ದಿನಕ್ಕೆ, ಒಂದು ವಾರಕ್ಕೆ ಬಿರುಕು ಎಷ್ಟು ಮುಂದೆ ಹೋಯಿತು ಅಂತ ಅಳೆಯಿರಿ. ಸಿಲೇನ್ ಹಚ್ಚದ ಜೋಡಿಯೂ ಪಕ್ಕದಲ್ಲಿ ಇರಲಿ. ಬಿರುಕಿನ ತುದಿಯಲ್ಲಿ ಎಳೆತವೂ ನೀರೂ ಒಟ್ಟಿಗೆ ಇರುವುದರಿಂದ ಒಡೆದ ಕೊಂಡಿ ಮತ್ತೆ ಸೇರಲು ಅವಕಾಶವೇ ಸಿಗುವುದಿಲ್ಲ. ಬರೀ ನೀರಿನಲ್ಲಿ ನೆನೆಸಿದಾಗ ತಿಂಗಳುಗಟ್ಟಲೆ ಕಾಣದ ದೋಷ ಇಲ್ಲಿ ಒಂದು ದಿನಕ್ಕೇ ಕಾಣುವುದುಂಟು.

ಕೊನೆಗೆ ಜೋಡಿಯನ್ನು ಪೂರ್ತಿ ಬಿಡಿಸಿ ಎರಡೂ ಮುಖ ನೋಡಿ. ಎರಡರ ಮೇಲೂ ಅಂಟು ಇದ್ದರೆ ಹರಿದದ್ದು ಅಂಟು, ಸಿಲೇನ್ ಕೆಲಸ ಗಟ್ಟಿ ಇದೆ. ಒಂದು ಮುಖ ಬರೀ ಲೋಹದಂತೆ ಕಂಡರೆ ಕಣ್ಣನ್ನು ನಂಬಬೇಡಿ. ನ್ಯಾನೊಮೀಟರ್ ದಪ್ಪದ ಪದರ ಕಣ್ಣಿಗೆ ಕಾಣುವುದಿಲ್ಲ. ಮೊದಲು ಒಂದು ಹನಿ ನೀರಿಟ್ಟು ಹಳೆಯ ಫೋಟೊ ಜೊತೆ ಹೋಲಿಸಿ. ಹನಿ ಗುಮ್ಮಟದಂತೆ ನಿಂತರೆ ಅಲ್ಲಿ ಸಾವಯವ ಏನೋ ಉಳಿದಿದೆ ಅಂತ ಅಂದಾಜು. ಖಚಿತವಾಗಿ ತಿಳಿಯಲು ಎರಡೂ ಮುಖಗಳನ್ನು ಎಕ್ಸ್‌ಪಿಎಸ್‌ಗೆ, ಅಂದರೆ ಎಕ್ಸ್ ಕಿರಣ ಹಾಯಿಸಿ ಮೇಲ್ಮೈಯಲ್ಲಿ ಯಾವ ಧಾತುಗಳಿವೆ ಅಂತ ಹೇಳುವ ಪರೀಕ್ಷೆಗೆ, ಕೊಡಿ. ಎರಡೂ ಕಡೆ ಸಿಲಿಕಾನ್ ಸಿಕ್ಕರೆ ಪದರ ತನ್ನೊಳಗೇ ಸೀಳಿದೆ. ಮುಂದಿನ ಸಲ ದ್ರಾವಣ ತೆಳು ಮಾಡಿ, ಓವನ್‌ನ ನಿಜವಾದ ಬಿಸಿ ಪರೀಕ್ಷಿಸಿ. ಸಿಲಿಕಾನ್ ಎಲ್ಲ ಅಂಟಿನ ಕಡೆ, ಲೋಹದ ಕಡೆ ಬರೀ ಆಕ್ಸೈಡ್ ಇದ್ದರೆ ಕೊಂಡಿಯೇ ಬಿಟ್ಟಿದೆ. ತೊಳೆಯುವ ಹೆಜ್ಜೆಗೆ ವಾಪಸ್ ಹೋಗಿ ನೀರಿನ ಹಾಳೆಯನ್ನು 30 ಸೆಕೆಂಡು ಪೂರ್ತಿ ನೋಡಿ. ಎರಡೂ ಕಡೆ ಅಲ್ಯೂಮಿನಿಯಂ ಆಕ್ಸೈಡ್ ಇದ್ದರೆ ಸಿಲೇನ್ ಹಿಡಿದದ್ದನ್ನು ಬಿಟ್ಟಿಲ್ಲ, ಅದರ ಕೆಳಗಿನ ಆಕ್ಸೈಡ್ ಒಡೆದಿದೆ. ಆಗ ಬದಲಿಸಬೇಕಾದದ್ದು ಪುಡಿ ಸಿಡಿಸುವ ಅಥವಾ ಎಮರಿ ಉಜ್ಜುವ ಹಂತವನ್ನು.